ಕೊಲೆ ಪ್ರಕರಣಗಳಲ್ಲಿ ವೈದ್ಯಕೀಯ ಸಾಕ್ಷ್ಯ

ಸಾವು ಯಾವಾಗ, ಹೇಗೆ, ಯಾವ ಬಗೆಯ ಆಯುಧ ಅಥವಾ ವಿಷದಿಂದ ಆಯಿತು ಎಂಬುದರ ಬಗ್ಗೆ ವೈದ್ಯರು ನ್ಯಾಯಾಲಯಕ್ಕೆ ಒದಗಿಸುವ ದಾಖಲೆ ಮತ್ತು ಹೇಳಿಕೆಗಳನ್ನು ವೈದ್ಯಕೀಯ ಸಾಕ್ಷ್ಯ ಎನ್ನುತ್ತಾರೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 39ನೇ ಕಲಂ ಪ್ರಕಾರ ವೈದ್ಯರ ಮತ ತಜ್ಞರ ಅಭಿಪ್ರಾಯ. ನ್ಯಾಯಾಧೀಶರು ಅದನ್ನು ತೂಗಿ ನೋಡಬೇಕೇ ಹೊರತು ಕಣ್ಣುಮುಚ್ಚಿ ಒಪ್ಪಬೇಕಿಲ್ಲ.

ಹಳೆಯ ಬೆಂಗಳೂರಿನಲ್ಲಿ ಈ ಸಾಕ್ಷ್ಯದ ದಾರಿಯನ್ನು ಅವೆನ್ಯೂ ರಸ್ತೆಯ ಗುಂಟ ಗುರುತಿಸಬಹುದು. ದಕ್ಷಿಣದಲ್ಲಿ ಕೆ.ಆರ್. ಮಾರುಕಟ್ಟೆಯ ಪಕ್ಕಕ್ಕೆ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಮತ್ತು ಅದರ ಶವಾಗಾರ. ಉತ್ತರದಲ್ಲಿ ಮೈಸೂರು ಬ್ಯಾಂಕ್ ವೃತ್ತದ ಬಳಿ ಸೆಷನ್ಸ್ ವಿಚಾರಣೆಗಳು ನಡೆಯುವ ಸಿಟಿ ಸಿವಿಲ್ ಕೋರ್ಟ್. ನಡುವೆ ಕಾನೂನು, ವೈದ್ಯಕೀಯ ಪಠ್ಯಗಳೂ ಸಿಗುವ ಹಳೆ ಪುಸ್ತಕದ ಅಂಗಡಿಗಳು.

ಪೊಲೀಸರ ಶವ ಪಂಚನಾಮೆ ಮುಗಿದ ಮೇಲೆ ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಪ್ರತಿ ಗಾಯದ ಉದ್ದ, ಅಗಲ, ಆಳ, ಜಾಗ, ಅದು ಸಾವಿಗೆ ಮುಂಚಿನದೋ ನಂತರದ್ದೋ ಎಂಬುದು ವರದಿಯಲ್ಲಿ ದಾಖಲಾಗಬೇಕು. ನೇಣಿನ ಶವವೆಂದು ತಂದ ದೇಹದ ಕೊರಳನ್ನೇ ನೋಡಿ: ನೇಣು ಹಾಕಿಕೊಂಡಿದ್ದರೆ ಹಗ್ಗದ ಗುರುತು ಸಾಮಾನ್ಯವಾಗಿ ಗಂಟಲಿನ ಮೇಲ್ಭಾಗದಲ್ಲಿ ಓರೆಯಾಗಿ ಏರಿ ಗಂಟಿನ ಕಡೆ ಅಳಿಸಿಹೋಗಿರುತ್ತದೆ, ಹಗ್ಗ ಬಿಗಿದು ಕೊಂದಿದ್ದರೆ ಗುರುತು ಕೆಳಗೆ, ಅಡ್ಡಲಾಗಿ, ಕೊರಳನ್ನು ಪೂರ್ತಿ ಸುತ್ತಿರುತ್ತದೆ. ಆತ್ಮಹತ್ಯೆ ಎಂದು ಮುಚ್ಚಿಹೋಗಬಹುದಾದ ಕೊಲೆ ಹಲವು ಬಾರಿ ಹೊರಬೀಳುವುದು ಇಲ್ಲಿಯೇ. ವಿಷದ ಶಂಕೆಯಿದ್ದರೆ ಜಠರ, ಯಕೃತ್ತು, ಮೂತ್ರಪಿಂಡದ ಭಾಗಗಳು ಸಾಮಾನ್ಯವಾಗಿ ಗಾಢ ಉಪ್ಪುನೀರಿನ ಜಾಡಿಗಳಲ್ಲಿ ಮೊಹರಾಗಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಮೊಹರು ಸಡಿಲವಾದರೆ, ಸಾಗಣೆಯ ದಾಖಲೆ ತಪ್ಪಿದರೆ ಪಾಟಿ ಸವಾಲಿನಲ್ಲಿ ವರದಿ ಉಳಿಯುವುದು ಕಷ್ಟ.

ಗಾಯವು ಸಹಜ ಗತಿಯಲ್ಲಿ ಸಾವು ತರಲು ಸಾಕಾಗುವಂಥದ್ದೇ ಎಂಬ ಪ್ರಶ್ನೆ ಕೊಲೆಯ ವ್ಯಾಖ್ಯೆಯೊಳಗೇ ಇದೆ. ಉದ್ದೇಶಪೂರ್ವಕವಾಗಿ ಮಾಡಿದ ಗಾಯ ಅಷ್ಟು ತೀವ್ರವಾಗಿದ್ದರೆ ಸಾಕು, ಕೊಲ್ಲುವ ಉದ್ದೇಶವನ್ನು ಬೇರೆಯಾಗಿ ಸಾಬೀತುಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಪ್ರತ್ಯಕ್ಷದರ್ಶಿಯ ಮಾತಿಗೂ ವೈದ್ಯರ ಅಭಿಪ್ರಾಯಕ್ಕೂ ತಾಳೆಯಾಗದಿದ್ದಾಗ ನಂಬಲರ್ಹ ಪ್ರತ್ಯಕ್ಷದರ್ಶಿಗೇ ಹೆಚ್ಚಿನ ಬೆಲೆ. ಅವನು ಹೇಳಿದಂತೆ ನಡೆದಿರಲು ಸಾಧ್ಯವೇ ಇಲ್ಲವೆಂದು ವೈದ್ಯಕೀಯ ಸಾಕ್ಷ್ಯ ತೋರಿಸಿದರೆ ಮಾತ್ರ ಲೆಕ್ಕ ತಿರುಗುತ್ತದೆ. ಈ ನಿಯಮ ಸರಿಯಾದದ್ದು. ಹೇಗೆ ಸತ್ತರೆಂದು ಶವ ಹೇಳುತ್ತದೆ, ಕೊಂದವರು ಯಾರೆಂದು ಅದು ಹೇಳುವುದು ಅಪರೂಪ.

ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣ ಇದಕ್ಕೆ ದೊಡ್ಡ ನಿದರ್ಶನ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಕಾಣೆಯಾದರು. 1994ರಲ್ಲಿ, ಪತಿ ಶ್ರದ್ಧಾನಂದನೇ ತೋರಿಸಿದ ಜಾಗದಲ್ಲಿ, ಅವರ ರಿಚ್ಮಂಡ್ ರಸ್ತೆಯ ಮನೆಯ ಆವರಣದಲ್ಲೇ ಹೂತಿದ್ದ ಅವಶೇಷ ಹೊರತೆಗೆಯಲಾಯಿತು. ತಲೆಬುರುಡೆಯನ್ನು ಭಾವಚಿತ್ರದ ಮೇಲೆ ಹೊಂದಿಸಿ ನೋಡುವ ವಿಧಾನ ಮತ್ತು ಡಿಎನ್‌ಎ ಪರೀಕ್ಷೆ ಗುರುತನ್ನು ಖಚಿತಪಡಿಸಿದವು. ಕೊಂದವನತ್ತ ಬೊಟ್ಟು ಮಾಡಿದ್ದು ಸಾಂದರ್ಭಿಕ ಸಾಕ್ಷ್ಯಗಳ ಸರಪಳಿ. ಮರಣದಂಡನೆಯ ಬದಲು ಬಿಡುಗಡೆಯಿಲ್ಲದ ಆಜೀವ ಸೆರೆಯನ್ನು ಸುಪ್ರೀಂ ಕೋರ್ಟ್ 2008ರ ಜುಲೈನಲ್ಲಿ ವಿಧಿಸಿತು.

ಸುಟ್ಟಗಾಯದ ವಾರ್ಡುಗಳಲ್ಲಿ ದಾಖಲಾಗುವ ಮರಣಪೂರ್ವ ಹೇಳಿಕೆಯದು ಬೇರೆಯೇ ಕಥೆ. ದೇಹ ಶೇಕಡಾ ಎಷ್ಟು ಸುಟ್ಟಿದೆ ಎಂಬುದೊಂದರಿಂದಲೇ ಹೇಳಿಕೆಯನ್ನು ತಳ್ಳಿಹಾಕಲಾಗದೆಂದು ಕರ್ನಾಟಕದ್ದೇ ಆದ ಪಿ.ವಿ. ರಾಧಾಕೃಷ್ಣ ಪ್ರಕರಣದಲ್ಲಿ 2003ರಲ್ಲಿ ತೀರ್ಮಾನವಾಯಿತು. ವೈದ್ಯರ ಪ್ರಮಾಣಪತ್ರ ಇಲ್ಲದಿದ್ದರೂ, ಗಾಯಾಳುವಿನ ಮನಸ್ಸು ಸ್ವಸ್ಥವಾಗಿತ್ತೆಂದು ಹೇಳಿಕೆ ಬರೆದುಕೊಂಡ ಮ್ಯಾಜಿಸ್ಟ್ರೇಟರ ಸಾಕ್ಷ್ಯದಿಂದ ಮನವರಿಕೆಯಾದರೆ ಅದು ಸಾಕು (ಲಕ್ಷ್ಮಣ್ ಪ್ರಕರಣ, 2002).

ವೈದ್ಯವಿಜ್ಞಾನವನ್ನು ಆರೋಪಿಯ ದೇಹದ ಮೇಲೆ ಪ್ರಯೋಗಿಸುವುದಕ್ಕೆ ಮಿತಿಯನ್ನು ಹಾಕಿದ್ದೂ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲವೆಂದು 2010ರಲ್ಲಿ ತೀರ್ಪಾಯಿತು. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವನ್ನೇ ನೇರವಾಗಿ ಸಾಕ್ಷ್ಯವೆಂದು ಒಪ್ಪಲಾಗುವುದಿಲ್ಲ.