ಸ್ಟೋರಿನ ಚೀಟಿಯಿಂದ ಗಣಕದ ಪರದೆಗೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಪಿಲಾ ನದಿಗೆ ಅಡ್ಡಲಾಗಿ ಕಟ್ಟಿರುವ ಜಲಾಶಯವನ್ನು ನೀವು ನೋಡಿರಬಹುದು. 1974ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 2284 ಅಡಿ, ಸಾಮರ್ಥ್ಯ 19.52 ಟಿ.ಎಂ.ಸಿ. ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಪ್ರತಿದಿನ ಮೂರು ಅಂಕಿಗಳು ಬರುತ್ತವೆ: ಇಂದಿನ ಮಟ್ಟ, ಒಳಹರಿವು, ಹೊರಹರಿವು. ವಯನಾಡಿನಲ್ಲಿ ಎಷ್ಟು ಮಳೆಯಾಗಿದೆ, ಆ ನೀರು ಎಷ್ಟು ಹೊತ್ತಿಗೆ ಇಲ್ಲಿಗೆ ಬರುತ್ತದೆ, ಕೆಳಗಿನವರಿಗೆ ಎಷ್ಟು ಬೇಕು, ಯಾವ ದಿನ ಬೇಕು ಎಂಬ ಲೆಕ್ಕವೆಲ್ಲ ಈ ಮೂರು ಅಂಕಿಗಳ ಮೇಲೆ ನಿಂತಿದೆ.

ಕಾರ್ಖಾನೆಗಳಲ್ಲಿ ಗಣಕದ ಬಳಕೆಯನ್ನು ಕುರಿತ ನಮ್ಮ ಮಾತುಕತೆಯನ್ನು ಸಿದ್ಧಪಡಿಸುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಅಣೆಕಟ್ಟೆಯೇ. ಉತ್ಪಾದನೆಯನ್ನು ಯೋಜಿಸುವ ತಂತ್ರಾಂಶ ಎಂದು ದೊಡ್ಡ ಹೆಸರಿನಿಂದ ಕರೆಯುವ ವಸ್ತುವಿನ ಒಳಗಿರುವುದೂ ಇದೇ ಲೆಕ್ಕ: ಇರುವುದೆಷ್ಟು, ಬರುವುದೆಷ್ಟು, ಬೇಕಾದದ್ದೆಷ್ಟು, ಯಾವಾಗ? ಪರದೆಯ ಮೇಲೆ ಹೇಳಲು ಸಮಯ ಸಾಲದ ಅದರ ಇತಿಹಾಸವನ್ನು ಇಲ್ಲಿ ಬರೆದಿದ್ದೇನೆ.

ಲೆಡ್ಜರಿನ ಕಾಲ

ಕಾರ್ಖಾನೆಯ ಯೋಜನೆ ನಮ್ಮ ಸೀಮೆಗೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಹುಣಸೂರಿನಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಗೆ ಸೇರಿದ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಕೋಠಿ ಇದ್ದವು. ಸೈನ್ಯಕ್ಕೆ ಬೇಕಾದದ್ದನ್ನು ಬೇಕಾದ ಹೊತ್ತಿಗೆ ಒದಗಿಸಬೇಕಾದರೆ ತೊಗಲು, ಉಣ್ಣೆಗಳನ್ನು ತಿಂಗಳುಗಳ ಮೊದಲೇ ಕೂಡಿಹಾಕಬೇಕು. ಲೆಡ್ಜರು ಮತ್ತು ಅನುಭವ, ಇವೆರಡೇ ಅಂದಿನ ಸಾಧನಗಳು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಕೆಲಸಗಳನ್ನು ಕಾಲದ ಗೆರೆಯ ಮೇಲೆ ಪಟ್ಟಿಪಟ್ಟಿಯಾಗಿ ಬರೆದು ತೋರಿಸುವ ನಕ್ಷೆಯನ್ನು ಬಳಕೆಗೆ ತಂದರು. ಯಾವ ಯಂತ್ರದಲ್ಲಿ ಯಾವ ಕೆಲಸ ಎಂದು ಮುಗಿಯಬೇಕು, ಎಲ್ಲಿ ಹಿಂದೆ ಬಿದ್ದಿದೆ ಎಂಬುದು ಒಂದೇ ನೋಟಕ್ಕೆ ಕಾಣುವಂತಾಯಿತು. ಆದರೆ ಗೋಡೆಯ ಮೇಲಿನ ನಕ್ಷೆಗೆ ಒಂದು ಮಿತಿ ಇತ್ತು. ಒಂದು ಆರ್ಡರು ಬದಲಾದರೆ ಎಲ್ಲ ಗೆರೆಗಳನ್ನೂ ಅಳಿಸಿ ಮತ್ತೆ ಎಳೆಯಬೇಕಾಗಿತ್ತು.

ಗಣಕ ಮಾಡಿದ ಕೂಡುಕಳೆ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಮೋಟಾರ್ ಸೈಕಲ್ಲು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು ಹಳಬರು ಮರೆತಿಲ್ಲ. ಅಂಥದೊಂದು ಕಾರ್ಖಾನೆ ಬರುವ ತಿಂಗಳು 500 ಬೈಕುಗಳನ್ನು ಮಾಡಬೇಕೆಂದು ಊಹಿಸಿಕೊಳ್ಳಿ. ಬೇಕಾದ ಚಕ್ರಗಳು 1000. ಚಕ್ರವೊಂದಕ್ಕೆ 36 ಕಡ್ಡಿಗಳೆಂದರೆ 36,000 ಕಡ್ಡಿಗಳು ಬೇಕು. ಸ್ಟೋರಿನಲ್ಲಿ 6,000 ಇವೆ, ಈಗಾಗಲೇ ಕೊಟ್ಟ ಆರ್ಡರಿನಿಂದ 10,000 ಬರಲಿವೆ. ಹಾಗಾದರೆ ಹೊಸದಾಗಿ ತರಿಸಬೇಕಾದದ್ದು 20,000. ಸರಬರಾಜುದಾರನಿಗೆ ಮೂರು ವಾರ ಬೇಕೆಂದರೆ ಆರ್ಡರನ್ನು ಈ ವಾರವೇ ಕಳಿಸಬೇಕು.

ಲೆಕ್ಕ ಸರಳ. ಆದರೆ ಬೈಕಿನಲ್ಲಿ ಕಡ್ಡಿಯೊಂದೇ ಇಲ್ಲ, ನೂರಾರು ಭಾಗಗಳಿವೆ. ಪ್ರತಿಯೊಂದಕ್ಕೂ ಪ್ರತಿವಾರವೂ ಕೈಯಲ್ಲಿ ಈ ಲೆಕ್ಕ ಹಾಕಲು ಗುಮಾಸ್ತರ ಪಡೆಯೇ ಬೇಕು. ಆದ್ದರಿಂದ ಕಾರ್ಖಾನೆಗಳು ಒಂದು ಸುಲಭ ದಾರಿ ಹಿಡಿದಿದ್ದವು. ಡಬ್ಬಿ ಅರ್ಧ ಖಾಲಿಯಾದರೆ ಮತ್ತೆ ತರಿಸು, ಅಷ್ಟೆ. ಬರುವ ತಿಂಗಳು ಆ ಭಾಗ ಬೇಕೋ ಬೇಡವೋ ಯಾರೂ ಕೇಳುತ್ತಿರಲಿಲ್ಲ.

1960ರ ದಶಕದಲ್ಲಿ ಅಮೆರಿಕದ ಟ್ರ್ಯಾಕ್ಟರ್ ಕಂಪನಿ ಜೆ.ಐ. ಕೇಸ್‌ನಲ್ಲಿದ್ದ ಜೋಸೆಫ್ ಓರ್ಲಿಕಿ ಈ ಲೆಕ್ಕವನ್ನು ಗಣಕಕ್ಕೆ ಒಪ್ಪಿಸಿದವರಲ್ಲಿ ಮುಖ್ಯರು. ಗಿರಾಕಿಗೆ ಬೇಕಾದ ಸಿದ್ಧ ವಸ್ತುವಿನಿಂದ ಹಿಂದಕ್ಕೆ ಬಂದು, ಭಾಗ ಭಾಗವಾಗಿ ಬಿಡಿಸಿ, ಯಾವುದು ಎಂದು ಬೇಕೆಂದು ಹೇಳುವ ಈ ವಿಧಾನಕ್ಕೆ ಎಂ.ಆರ್.ಪಿ. ಎಂದು ಹೆಸರಾಯಿತು. 1975ರಲ್ಲಿ ಅವರು ಬರೆದ ಪುಸ್ತಕ ಈ ವಿಷಯದ ಮೂಲ ಗ್ರಂಥವಾಯಿತು. ಅವರ ಜೊತೆಗಾರ ಆಲಿವರ್ ವೈಟ್ ಇದಕ್ಕೆ ಯಂತ್ರಗಳ ಶಕ್ತಿ ಮತ್ತು ಹಣದ ಲೆಕ್ಕಗಳನ್ನು ಸೇರಿಸಿ ವಿಸ್ತರಿಸಿದರು. ಜರ್ಮನಿಯಲ್ಲಿ ಐ.ಬಿ.ಎಂ. ಬಿಟ್ಟು ಬಂದ ಐವರು 1972ರಲ್ಲಿ ಕಟ್ಟಿದ ಎಸ್.ಎ.ಪಿ. ಕಂಪನಿ ಮುಂದೆ ಖರೀದಿ, ಉತ್ಪಾದನೆ, ಮಾರಾಟ, ಲೆಕ್ಕಪತ್ರಗಳನ್ನೆಲ್ಲ ಒಂದೇ ತಂತ್ರಾಂಶದಲ್ಲಿ ಹೆಣೆಯಿತು. ಅದೇ ಕಂಪನಿ 1998ರಲ್ಲಿ ಬೆಂಗಳೂರಿನಲ್ಲಿ ತನ್ನ ಪ್ರಯೋಗಾಲಯವನ್ನು ತೆರೆಯಿತು.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿ ಈ ಕಥೆ ಬೇರೊಂದು ಬಗೆಯಲ್ಲಿ ನಡೆಯಿತು. ಸ್ವಾತಂತ್ರ್ಯದ ನಂತರದ ದಶಕದಲ್ಲಿ ಬೆಂಗಳೂರು ಕಾರ್ಖಾನೆಗಳ ನಗರವಾಯಿತು. 1951ರಲ್ಲಿ ಮೈಕೋ, 1953ರಲ್ಲಿ ಎಚ್.ಎಂ.ಟಿ. ಹುಟ್ಟಿದವು. ಅಂದಿನ ತೊಂದರೆ ಲೆಕ್ಕದ್ದಲ್ಲ, ಸರಕಿನದು. ಉಕ್ಕಿಗೆ ಕೋಟಾ, ಆಮದಿಗೆ ಲೈಸೆನ್ಸು. ಭಾಗ ಎಂದು ಬರುತ್ತದೋ ಗೊತ್ತಿಲ್ಲವೆಂದಾಗ ಜಾಣ ಮ್ಯಾನೇಜರ್ ಮಾಡುವ ಕೆಲಸ ಒಂದೇ: ಸಿಕ್ಕಿದಾಗ ಸಿಕ್ಕಿದಷ್ಟನ್ನು ತುಂಬಿಕೊಳ್ಳುವುದು. ಕೊಂಡ ಸರಕು ತಿಂಗಳುಗಟ್ಟಲೆ ಸ್ಟೋರಿನಲ್ಲಿ ಕುಳಿತರೆ ಅಷ್ಟು ಹಣವೂ ಅಲ್ಲೇ ಕುಳಿತಂತೆ. ಆದರೆ ಕೊಳ್ಳುವವರು ಸರದಿಯಲ್ಲಿ ಕಾದು ನಿಂತಿದ್ದ ಕಾಲದಲ್ಲಿ ಆ ನಷ್ಟ ಯಾರ ಕಣ್ಣಿಗೂ ಬೀಳಲಿಲ್ಲ.

1983ರಲ್ಲಿ ಒಂದು ಸ್ವಾರಸ್ಯಕರ ಸಂಗತಿ ನಡೆಯಿತು. ಎರಡು ವರ್ಷ ಹಿಂದೆ ಪುಣೆಯಲ್ಲಿ ಹುಟ್ಟಿದ್ದ ಇನ್ಫೋಸಿಸ್ ಎಂಬ ಪುಟ್ಟ ಕಂಪನಿ ಬೆಂಗಳೂರಿಗೆ ಬಂದು ನೆಲೆಸಿತು. ಇಲ್ಲಿ ಅದಕ್ಕೆ ದೊರೆತ ಮೊದಲ ಗ್ರಾಹಕ ಮೈಕೋ, ಅಂದರೆ ಡೀಸೆಲ್ ಎಂಜಿನ್ನಿನ ಇಂಧನ ಪಂಪುಗಳನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ಮಾಡುವ ಕಾರ್ಖಾನೆ. ಈ ಕೆಲಸದ ನಿಮಿತ್ತ ಅಮೆರಿಕದ ಡೇಟಾ ಜನರಲ್ ಕಂಪನಿಯ ಗಣಕವನ್ನು ಆಮದು ಮಾಡಿಕೊಳ್ಳಬೇಕಾಯಿತು. ಅಂದು ಒಂದು ಗಣಕವನ್ನು ತರಿಸಲು ದೆಹಲಿಯ ಕಚೇರಿಗಳಿಗೆ ಎಡತಾಕಬೇಕಿತ್ತು. ಇಂದು ಜಗತ್ತಿಗೆ ತಂತ್ರಾಂಶ ಮಾರುವ ನಮ್ಮ ನಗರದ ಕಥೆಯ ಒಂದು ಬೇರು ಹೀಗೆ ಎಣ್ಣೆಯ ವಾಸನೆಯ ಕಾರ್ಖಾನೆಯಲ್ಲಿದೆ ಎಂಬುದನ್ನು ನಾವು ಮರೆಯಬಾರದು.

1991ರ ಆರ್ಥಿಕ ಸುಧಾರಣೆಯ ನಂತರ ಕಾಯುವ ಸರದಿ ತಿರುಗಿತು. ಈಗ ಕಾಯಬೇಕಾದವನು ಮಾರುವವನು. ಸ್ಟೋರಿನಲ್ಲಿ ಮಲಗಿದ್ದ ಹಣ ಎಲ್ಲರ ಕಣ್ಣಿಗೂ ಬಿತ್ತು. ಯೋಜನೆಯ ತಂತ್ರಾಂಶ ನಮ್ಮ ಕಾರ್ಖಾನೆಗಳಿಗೆ ನಿಜವಾಗಿ ಬೇಕಾದದ್ದು ಆಗಲೇ. ಸರಕು ಕಡಿಮೆ ಇಟ್ಟುಕೊಂಡೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದೇ ಅದು ತಂದ ಲಾಭ. ಅದೇ ಕಾರ್ಮಿಕರು, ಅವೇ ಯಂತ್ರಗಳು. ಆದರೆ ಭಾಗಕ್ಕಾಗಿ ಕಾದು ಕೂರುವ ಗಂಟೆಗಳು ಕಡಿಮೆಯಾದರೆ ಉತ್ಪಾದಕತೆ ತಾನಾಗಿ ಏರುತ್ತದೆ.

ಚೀಟಿ ಮರಳಿ ಬಂತು

ಬಿಡದಿಯಲ್ಲಿ 1999ರ ಕೊನೆಗೆ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಜೊತೆಗೆ ಜಪಾನಿನ ಒಂದು ಪದ್ಧತಿಯೂ ಬಂತು. ತಾಯಿಚಿ ಓನೊ ರೂಪಿಸಿದ ಆ ಪದ್ಧತಿಯಲ್ಲಿ ಮುಖ್ಯ ಸಾಧನ ಕಾನ್‌ಬಾನ್ ಎಂಬ ಚೀಟಿ. ಡಬ್ಬಿಯ ಭಾಗಗಳು ಬಳಕೆಯಾದಂತೆ ಅದರ ಚೀಟಿ ಹಿಂದಿನ ವಿಭಾಗಕ್ಕೆ ಹೋಗುತ್ತದೆ, ಅಷ್ಟನ್ನೇ ಮತ್ತೆ ಮಾಡುತ್ತಾರೆ. ಚೀಟಿ ಬಾರದೆ ಮಾಡುವಂತಿಲ್ಲ. ಗಣಕ ಬಂದ ಮೇಲೆ ಚೀಟಿಯ ಕಾಲ ಮುಗಿಯಿತು ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ವಾಸ್ತವದಲ್ಲಿ ಇವೆರಡೂ ಶತ್ರುಗಳಲ್ಲ. ಮುಂದಿನ ತಿಂಗಳನ್ನು ಗಣಕ ನೋಡುತ್ತದೆ, ಈ ಗಂಟೆಯನ್ನು ಚೀಟಿ ನೋಡುತ್ತದೆ. ಚೀಟಿಯ ಬಲವೆಂದರೆ ಅದು ಸುಳ್ಳು ಹೇಳುವುದು ಕಷ್ಟ, ಏಕೆಂದರೆ ಖಾಲಿ ಡಬ್ಬಿ ಅದರ ಜೊತೆಯಲ್ಲೇ ಇರುತ್ತದೆ.

ಗಣಕಕ್ಕೆ ಆ ಬಲವಿಲ್ಲ. ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಒಂದು ಕಾರ್ಖಾನೆಗೆ ಹೋಗಿದ್ದೆ. ಪರದೆಯ ಮೇಲೆ ಒಂದು ಭಾಗದ ಸಂಖ್ಯೆ 200 ಎಂದಿತ್ತು. ಡಬ್ಬಿಯಲ್ಲಿದ್ದದ್ದು 140. ಹಿಂದಿನ ರಾತ್ರಿ ಪಾಳಿಯಲ್ಲಿ ಕೆಟ್ಟುಹೋದ 60ನ್ನು ಯಾರೂ ದಾಖಲಿಸಿರಲಿಲ್ಲ. ಬರೆದರೆ ಮೇಲಿನವರು ಬೈಯುತ್ತಾರೆಂಬ ಭಯ. ಮಧ್ಯಾಹ್ನದ ಹೊತ್ತಿಗೆ ಜೋಡಣೆಯ ಸಾಲು ನಿಂತಿತು. ಕಾಯಂ ನೌಕರರು ಕುಳಿತರು, ಗುತ್ತಿಗೆಯ ಹುಡುಗರನ್ನು ಅರ್ಧ ದಿನದ ಕೂಲಿಗೆ ಮನೆಗೆ ಕಳಿಸಿದರು. ಅವರಲ್ಲಿ ಇಬ್ಬರು ಕೋಟೆ ತಾಲ್ಲೂಕಿನ ಹಳ್ಳಿಗಳಿಂದ ಮುಂಜಾನೆ ಬಸ್ಸು ಹಿಡಿದು ಬಂದವರು. ಸ್ಟೋರಿನ ಹಿರಿಯರು ತಮ್ಮ ಜೇಬಿನ ಪುಟ್ಟ ಪುಸ್ತಕ ತೆರೆದು ತೋರಿಸಿದರು. ಅದರಲ್ಲಿ 140 ಎಂದೇ ಇತ್ತು. "ನನ್ನನ್ನು ಯಾರು ಕೇಳ್ತಾರೆ ಸ್ವಾಮಿ, ಕಂಪ್ಯೂಟರೇ ಹೇಳ್ತದಲ್ಲ" ಎಂದರು.

ಆಲಿವರ್ ವೈಟ್ ಈ ಮಾತನ್ನು ದಶಕಗಳ ಹಿಂದೆಯೇ ಒತ್ತಿ ಹೇಳಿದ್ದರು. ಸ್ಟೋರಿನ ದಾಖಲೆ ನೂರಕ್ಕೆ 95ರಷ್ಟಾದರೂ ನಿಜವಾಗಿರದಿದ್ದರೆ ಎಂ.ಆರ್.ಪಿ. ನಡೆಯದು ಎಂಬುದು ಅವರ ಅಳತೆಗೋಲು. ಅಂದರೆ ತಂತ್ರಾಂಶವನ್ನು ಕೊಳ್ಳುವ ಮೊದಲು ಕಾರ್ಖಾನೆ ಕೊಳ್ಳಬೇಕಾದದ್ದು ನಿಜ ಹೇಳುವವನ ಧೈರ್ಯವನ್ನು. ಕೆಟ್ಟದ್ದನ್ನು ಕೆಟ್ಟಿತೆಂದು ಬರೆದವನನ್ನು ಬೈಯದ ಮೇಲಧಿಕಾರಿ ಇರುವ ಕಡೆ ಮಾತ್ರ ಗಣಕ ಫಲ ಕೊಟ್ಟಿದೆ.

ಲೆಕ್ಕಕ್ಕೆ ಇನ್ನೊಂದು ಮಿತಿಯೂ ಇದೆ. ಬೇಕಾದದ್ದನ್ನು ಹೇಗೆ ಮಾಡಬೇಕೆಂದು ತಂತ್ರಾಂಶ ಹೇಳೀತು, ಜನಕ್ಕೆ ಏನು ಬೇಕಾಗುತ್ತದೆಂದು ಹೇಳಲಾರದು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರದ ಕೆಲಸ ಹಿಡಿದ ಎಚ್.ಎಂ.ಟಿ., ಒಂದು ಕಾಲಕ್ಕೆ ಮದುವೆಯ ಗಂಡಿನ ಕೈಯಲ್ಲೆಲ್ಲ ಇತ್ತು. ಜನ ಕೀಲಿ ಕೊಡುವ ಗಡಿಯಾರದಿಂದ ಕ್ವಾರ್ಟ್ಜ್ ಗಡಿಯಾರಕ್ಕೆ ಹೊರಳಿದಾಗ ಅದು ಹಿಂದೆ ಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದರ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಮತ್ತೆ ಬೀಚನಹಳ್ಳಿಗೆ ಬರೋಣ. 2018 ಮತ್ತು 2019ರ ಮಳೆಗಾಲದಲ್ಲಿ ಕಪಿಲೆ ಉಕ್ಕಿ ನಂಜನಗೂಡಿನಲ್ಲಿ ನೀರು ನುಗ್ಗಿತು. ಅಂಥ ದಿನಗಳಲ್ಲಿ ಮಟ್ಟದ ಅಳತೆಯನ್ನು ಓದಿ ಬರೆಯುವ ನೌಕರ ಒಂದು ಅಡಿಯನ್ನು ಹೆಚ್ಚುಕಡಿಮೆ ಮಾಡಿ ಬರೆದರೆ ಕೆಳಗಿನ ಊರುಗಳ ಗತಿಯೇನು? ಅಲ್ಲಿ ಈ ಮಾತು ಎಲ್ಲರಿಗೂ ತಿಳಿಯುತ್ತದೆ, ನೀರು ಕಣ್ಣಿಗೆ ಕಾಣುತ್ತದೆ. ಕಾರ್ಖಾನೆಯಲ್ಲಿ ಅದು ಕಾಣುವುದಿಲ್ಲ. ಅರ್ಧ ದಿನದ ಕೂಲಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗನಿಗೆ ಮಾತ್ರ ಕಾಣುತ್ತದೆ.