ಕೆಂಗೂದಲ ಮಕ್ಕಳು ಮತ್ತು ಬಿಸಿಲು

ಸ್ಕಾಟ್ಲೆಂಡ್, ಐರ್ಲೆಂಡ್ ದೇಶಗಳಲ್ಲಿ ವಿಶೇಷವಾಗಿ ಕಾಣಬರುವ ಕೆಂಗೂದಲ ಮಕ್ಕಳ ತ್ವಚೆಯು ಹಾಲಿನಂತೆ ಬಿಳುಪಾಗಿದ್ದು, ಬಿಸಿಲಿಗೆ ಕಪ್ಪಾಗದೆ ಬೇಗನೆ ಕೆಂಪೇರಿ ಉರಿಯುವುದು. ಇದಕ್ಕೆ 16ನೆಯ ವರ್ಣತಂತುವಿನಲ್ಲಿರುವ ಎಂಸಿ1ಆರ್ ಎಂಬ ಜೀನಿನ ರೂಪಭೇದಗಳೊಡನೆ ಸಂಬಂಧವುಂಟೆಂದು 1995ರಲ್ಲಿ ತಿಳಿದುಬಂದಿತು: ತಂದೆತಾಯಿಗಳಿಬ್ಬರಿಂದಲೂ ಅಂಥ ಭೇದವನ್ನು ಪಡೆದ ಶಿಶುವಿನ ದೇಹದಲ್ಲಿ, ಅತಿನೇರಳೆ ಕಿರಣಗಳನ್ನು ಹೀರಿ ರಕ್ಷಣೆ ನೀಡುವ ಕಪ್ಪು ಯೂಮೆಲನಿನ್ನಿಗೆ ಬದಲಾಗಿ, ಆ ಸಾಮರ್ಥ್ಯವು ಅತ್ಯಲ್ಪವಾದ ಕೆಂಬಣ್ಣದ ಫಿಯೊಮೆಲನಿನ್ನೇ ಅಧಿಕವಾಗಿ ಉತ್ಪನ್ನವಾಗುತ್ತದೆ. ಹುಟ್ಟುವಾಗ ಇಲ್ಲದ ಕಂದುಚುಕ್ಕೆಗಳು ಬಿಸಿಲುಂಡ ಬಳಿಕ ಮೂಗು ಕೆನ್ನೆಗಳ ಮೇಲೆ ಮೂಡುವುವು; ನೋಟಕ್ಕೆ ಮುದ್ದಾದ ಇವನ್ನು ಚರ್ಮದ ಸೂಕ್ಷ್ಮತೆಯ ಕುರುಹೆಂದೇ ಹೆತ್ತವರು ಬಗೆಯತಕ್ಕದ್ದು. ಬಾಲ್ಯದಲ್ಲಿ ಬಿಸಿಲಿಗೆ ಬೊಕ್ಕೆಯೇಳುವಷ್ಟು ಚರ್ಮ ಸುಟ್ಟವರಿಗೆ ಮುಂದೆ ಮೆಲನೋಮಾ ಎಂಬ ಚರ್ಮಾರ್ಬುದವು ತಲೆದೋರುವ ಸಂಭವ ಹೆಚ್ಚು. ಸ್ಕಾಟ್ಲೆಂಡ್, ಐರ್ಲೆಂಡ್ ಮೂಲದ ವಂಶೀಯರು ಬಹುಸಂಖ್ಯೆಯಲ್ಲಿ ನೆಲಸಿದ ಆಸ್ಟ್ರೇಲಿಯದ ಅನೇಕ ಶಾಲೆಗಳಲ್ಲಿ ಟೋಪಿಯಿಲ್ಲದ ಮಗುವನ್ನು ಬಿಸಿಲಲ್ಲಿ ಆಡಗೊಡುವುದಿಲ್ಲ.