ಗೆಡ್ಡೆಗಳಲ್ಲಿ ವಿದ್ಯುತ್ ನೆರವಿನ ವಂಶವಾಹಿ ವರ್ಗಾವಣೆ

ವಿದ್ಯುತ್ ನೆರವಿನ ವಂಶವಾಹಿ ವರ್ಗಾವಣೆ ಎಂಬುದು ಅಲ್ಪಾವಧಿಯ ವಿದ್ಯುತ್ ಸ್ಪಂದಗಳ ಮೂಲಕ ಪ್ಲಾಸ್ಮಿಡ್ ಡಿಎನ್‌ಎಯನ್ನು ಜೀವಕೋಶಗಳೊಳಗೆ ಸೇರಿಸುವ ವಿಧಾನವಾಗಿದೆ. ವೈರಸ್ ವಾಹಕಗಳ ಅಗತ್ಯವಿಲ್ಲದಿರುವುದು ಇದರ ಮುಖ್ಯ ಅನುಕೂಲ. ಕ್ಯಾನ್ಸರ್ ಗೆಡ್ಡೆಗಳಲ್ಲಿ ಇದರ ಯಶಸ್ಸು ಸ್ಪಂದಗಳ ಪ್ರಬಲತೆಯನ್ನು ಮಾತ್ರವಲ್ಲದೆ, ಗೆಡ್ಡೆಯ ಅಂಗಾಂಶದ ರಚನೆಯನ್ನೂ ಅವಲಂಬಿಸಿದೆ.

ಹಿನ್ನೆಲೆ

ಜರ್ಮನಿಯ ಎಬರ್‌ಹಾರ್ಡ್ ನಾಯ್ಮನ್ ಮತ್ತು ಸಂಗಡಿಗರು 1982ರಲ್ಲಿ ಇಲಿಯ ಜೀವಕೋಶಗಳಿಗೆ ಈ ವಿಧಾನದಿಂದ ವಂಶವಾಹಿಯನ್ನು ಸೇರಿಸಿದರು. 1998ರಲ್ಲಿ ಫ್ರಾನ್ಸಿನ ಟುಲೂಸ್‌ನ ಸಂಶೋಧಕರು ಜೀವಂತ ಇಲಿಗಳ ಮೆಲನೋಮಾ ಗೆಡ್ಡೆಗಳಲ್ಲಿ ಇದನ್ನು ಸಾಧಿಸಿದ ವರದಿ ಪ್ರಕಟಿಸಿದರು.

ಕಾರ್ಯವಿಧಾನ

ವಿದ್ಯುತ್ ಕ್ಷೇತ್ರಕ್ಕೆ ಒಳಗಾದಾಗ ಕೋಶಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜ್ ಏರಿ, ಪೊರೆಯು ತಾತ್ಕಾಲಿಕವಾಗಿ ಪಾರಗಮ್ಯವಾಗುತ್ತದೆ. ಗೋಲಾಕಾರದ ಕೋಶದಲ್ಲಿ ಈ ಏರಿಕೆಯ ಗರಿಷ್ಠ ಮೌಲ್ಯವು ಕ್ಷೇತ್ರ ಮತ್ತು ಕೋಶದ ತ್ರಿಜ್ಯಗಳ ಗುಣಲಬ್ಧದ ಸುಮಾರು 1.5 ಪಟ್ಟು. 10 ಮೈಕ್ರೋಮೀಟರ್ ತ್ರಿಜ್ಯದ ಕೋಶಕ್ಕೆ ಸೆಂ.ಮೀ.ಗೆ 600 ವೋಲ್ಟ್ ಕ್ಷೇತ್ರ ನೀಡಿದರೆ 0.9 ವೋಲ್ಟ್ ದೊರೆಯುತ್ತದೆ. ಆದ್ದರಿಂದ ಚಿಕ್ಕ ಕೋಶಗಳಿಗೆ ಹೆಚ್ಚು ಪ್ರಬಲವಾದ ಕ್ಷೇತ್ರ ಬೇಕು. ಒತ್ತೊತ್ತಾಗಿರುವ ಕೋಶಗಳು ಒಂದನ್ನೊಂದು ಮರೆಮಾಡುವುದರಿಂದ ಅಂಗಾಂಶದೊಳಗೆ ಈ ಲೆಕ್ಕ ಅಂದಾಜು ಮಾತ್ರ. ಕದಿರಿನಾಕಾರದ ಕೋಶಗಳಲ್ಲಿ ಕ್ಷೇತ್ರದ ದಿಕ್ಕೂ ಮುಖ್ಯವಾಗುತ್ತದೆ.

ಪೊರೆ ತೆರೆದ ಮಾತ್ರಕ್ಕೆ ಡಿಎನ್‌ಎ ಒಳಸೇರುವುದಿಲ್ಲ. ಋಣ ಆವೇಶವುಳ್ಳ ಡಿಎನ್‌ಎಯನ್ನು ಕ್ಷೇತ್ರವೇ ಧನಾಗ್ರದ ಕಡೆಗೆ ತಳ್ಳಬೇಕು; ಅದು ಋಣಾಗ್ರಕ್ಕೆ ಎದುರಾಗಿರುವ ಪೊರೆಯ ಭಾಗಕ್ಕೆ ಅಂಟಿಕೊಂಡು, ಬಳಿಕ ನಿಧಾನವಾಗಿ ಕೋಶದ್ರವ್ಯವನ್ನೂ ಕೋಶಕೇಂದ್ರವನ್ನೂ ತಲುಪಬೇಕು.

ಅಂಗಾಂಶದ ಪ್ರಭಾವ

ವಿದ್ಯುತ್ ರಾಸಾಯನಿಕ ಚಿಕಿತ್ಸೆಯಲ್ಲಿ ಬಳಸುವ ಬ್ಲಿಯೋಮೈಸಿನ್ ಔಷಧದ ಅಣುತೂಕ ಸುಮಾರು 1,400 ಡಾಲ್ಟನ್. ಐದು ಸಾವಿರ ಪ್ರತ್ಯಾಮ್ಲ ಜೋಡಿಗಳ ಪ್ಲಾಸ್ಮಿಡ್‌ನ ಅಣುತೂಕವೋ 30 ಲಕ್ಷ ಡಾಲ್ಟನ್‌ಗೂ ಹೆಚ್ಚು. ಔಷಧವು ಸುಲಭವಾಗಿ ಹರಡುವ ಗೆಡ್ಡೆಯಲ್ಲಿಯೇ ಡಿಎನ್‌ಎ ಸೂಜಿ ಚುಚ್ಚಿದ ಸ್ಥಳದಲ್ಲಿಯೇ ಉಳಿದುಬಿಡಲು ಈ ಅಂತರವೇ ಮುಖ್ಯ ಕಾರಣ.

ಕೋಶಗಳ ನಡುವಿನ ಕೊಲಾಜೆನ್ ನಾರುಗಳ ಜಾಲ ಇಲ್ಲಿನ ದೊಡ್ಡ ತಡೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಇಲಿಯ ಎರಡು ಬಗೆಯ ಗೆಡ್ಡೆಗಳಲ್ಲಿ ಡಿಎನ್‌ಎಯ ಚಲನೆಯನ್ನು ಅಳೆದಾಗ ಅದು ಕೆಲವೇ ಮೈಕ್ರೋಮೀಟರ್‌ಗಳಷ್ಟಿತ್ತು. ಕೊಲಾಜೆನ್ ಹೆಚ್ಚಿದ್ದ ಗೆಡ್ಡೆಯಲ್ಲಿ ಇನ್ನೂ ಕಡಿಮೆಯಿತ್ತು. ಅಂದರೆ ಒಂದು ಕೋಶದ ಅಗಲದಷ್ಟು ದೂರವೂ ಡಿಎನ್‌ಎಗೆ ದೀರ್ಘ ಪ್ರಯಾಣವೇ. ಹೈಯಲುರೊನಾನ್ ಎಂಬ ಸಕ್ಕರೆಯ ಸರಪಳಿ ನೀರನ್ನು ಹಿಡಿದಿಟ್ಟು ಗೆಡ್ಡೆಯನ್ನು ಉಬ್ಬಿಸುತ್ತದೆ. ಗೆಡ್ಡೆಯ ರಕ್ತನಾಳಗಳು ಸೋರುವುದರಿಂದಲೂ ದುಗ್ಧನಾಳಗಳು ಸರಿಯಾಗಿ ಕೆಲಸ ಮಾಡದಿರುವುದರಿಂದಲೂ ಒಳಗಿನ ದ್ರವದ ಒತ್ತಡ ಹೆಚ್ಚಾಗಿರುತ್ತದೆ. ಹೀಗಾಗಿ ಚುಚ್ಚಿದ ದ್ರಾವಣ ಹೊರಕ್ಕೆ ಸರಿಯುತ್ತದೆ. ಕೋಶಗಳ ಹೊರಗೆ ಉಳಿದ ಡಿಎನ್‌ಎಯನ್ನು ನ್ಯೂಕ್ಲಿಯೇಸ್ ಕಿಣ್ವಗಳು ಬೇಗನೆ ತುಂಡರಿಸುತ್ತವೆ. ಸತ್ತ ಅಂಗಾಂಶದ ಭಾಗಗಳಲ್ಲಿ ವಾಹಕತೆ ಬೇರೆಯಾಗಿರುವುದರಿಂದ ಕ್ಷೇತ್ರವೂ ಸಮನಾಗಿ ಹರಡುವುದಿಲ್ಲ.

ಪರಿಹಾರೋಪಾಯಗಳು

ಪೊರೆಯನ್ನು ತೆರೆಯಲು ಪ್ರಬಲವಾದ ಕಿರುಸ್ಪಂದಗಳನ್ನೂ, ಡಿಎನ್‌ಎಯನ್ನು ಸಾಗಿಸಲು ದುರ್ಬಲವಾದ ದೀರ್ಘ ಸ್ಪಂದಗಳನ್ನೂ ಜೊತೆಗೂಡಿಸುವುದು ಒಂದು ಮಾರ್ಗ. ಸ್ಲೊವೇನಿಯಾದ ಲ್ಯೂಬ್ಲಿಯಾನಾದ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಲಾಜಿನೇಸ್ ಮತ್ತು ಹೈಯಲುರೊನಿಡೇಸ್ ಕಿಣ್ವಗಳ ಬಳಕೆಯಿಂದ ಇಲಿಯ ಗೆಡ್ಡೆಗಳಲ್ಲಿ ವರ್ಗಾವಣೆ ಹೆಚ್ಚಿತು. ಹೈಯಲುರೊನಿಡೇಸ್ ಕಣ್ಣಿನ ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿ ಈಗಾಗಲೇ ಬಳಕೆಯಲ್ಲಿದೆ. ಕೊಲಾಜೆನ್ ಜಾಲವನ್ನು ಕರಗಿಸಿದರೆ ಕ್ಯಾನ್ಸರ್ ಕೋಶಗಳ ಹರಡುವಿಕೆಗೂ ದಾರಿಯಾದೀತೆಂಬ ಆತಂಕವನ್ನು ಮಾತ್ರ ಕಡೆಗಣಿಸುವಂತಿಲ್ಲ.

ಮಾನವರಲ್ಲಿ ಪ್ರಯೋಗ

ಇಂಟರ್‌ಲ್ಯೂಕಿನ್-12 ವಂಶವಾಹಿಯನ್ನು ಹೊತ್ತ ಪ್ಲಾಸ್ಮಿಡ್‌ನ ಮೊದಲ ಹಂತದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹರಡಿದ ಮೆಲನೋಮಾ ಹೊಂದಿದ್ದ 24 ಮಂದಿ ಇದರಲ್ಲಿ ಭಾಗವಹಿಸಿದ್ದರು. ಸ್ಪಂದ ನೀಡದ ದೂರದ ಗೆಡ್ಡೆಗಳಿದ್ದು, ಬೇರೆ ಸರ್ವಾಂಗ ಚಿಕಿತ್ಸೆ ಪಡೆಯದ 19 ರೋಗಿಗಳ ಪೈಕಿ ಇಬ್ಬರಲ್ಲಿ ಎಲ್ಲ ಗೆಡ್ಡೆಗಳೂ ಮಾಯವಾದವು. ಗೆಡ್ಡೆಯ ಪ್ರತಿಯೊಂದು ಕೋಶಕ್ಕೂ ವಂಶವಾಹಿ ತಲುಪದಿದ್ದರೂ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತುಕೊಳ್ಳಬಲ್ಲದು ಎಂಬುದಕ್ಕೆ ಇದು ಗಮನಾರ್ಹ ನಿದರ್ಶನ. ಆದರೆ ಚರ್ಮದ ಗೆಡ್ಡೆಗಳಿಗೆ ವಿದ್ಯುದಗ್ರಗಳನ್ನು ತಲುಪಿಸುವುದು ಸುಲಭ. ಮೇದೋಜೀರಕ ಗ್ರಂಥಿಯಂತಹ ಒಳ ಅಂಗಗಳ ನಾರುಭರಿತ ಗೆಡ್ಡೆಗಳಿಗೆ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು.